ತಡವರಿಸದ ದನಿ

ಪ್ಲಗ್ಗಿನ ಒಂದು ಕಾಲಿಗೆ ಉದ್ದಿನ ಹಿಟ್ಟು ಮೆತ್ತಿಕೊಂಡು ಒಣಗಿತ್ತು.

ಜಲಜಾ ಅದನ್ನು ಉಗುರಿನಿಂದ ಕೆರೆದು ಮೂಗಿನ ಹತ್ತಿರ ತಂದರು. ಅನುಮಾನವೇ ಇಲ್ಲ. ಉದ್ದು, ಜೊತೆಗೆ ಒಂದಿಷ್ಟು ಹಸಿಮೆಣಸಿನಕಾಯಿ.

"ಗೋವಿಂದಮ್ಮ, ಸೋಮವಾರ ವಡೆ ಮಾಡಿದ್ರಾ?" ಎಂದು ಕೇಳಿದರು.

ಹಲಸೂರಿನ ಆ ಮೂರಂತಸ್ತಿನ ಮನೆಯ ಒಡತಿ ಗೋವಿಂದಮ್ಮ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದರು. ಪ್ರಶ್ನೆ ಕೇಳಿದ್ದೇ ತಡ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು.

"ವಡೆ ಮಾಡೋದು ತಪ್ಪಾ ಕಣಮ್ಮ?"

"ತಪ್ಪಲ್ಲ. ನಮ್ಮನ್ನ ಕರೀದೆ ಇದ್ದಿದ್ದು ತಪ್ಪು," ಎಂದರು ಹಿಂದೆ ನಿಂತಿದ್ದ ಯಜ್ಞನಾರಾಯಣ.

ಜಲಜಾ ಗಂಡನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಗು ಬಂದುಬಿಡುತ್ತಿತ್ತು. ಈಗ ನಗುವ ಹೊತ್ತಲ್ಲ. ಸೋಮವಾರ ಶಿವಾಜಿನಗರದ ರೇಡಿಯೋ ಅಂಗಡಿಯ ಮೇಲಿನ ಕೋಣೆಯಿಂದ ಅಂಗಡಿಯವರ ಮಗಳು ಇಕ್ರಾ ಕಟ್ಟಿದ ಎಂಟನೆಯ ಪೆಟ್ಟಿಗೆ ಮಾಯವಾಗಿ ಇಂದಿಗೆ ಮೂರು ದಿನ. ಭಾನುವಾರಕ್ಕೆ ಅದು ಸಿಗಲೇಬೇಕು.

"ಈ ಪ್ಲಗ್ ಯಾರೂ ಮುಟ್ಟಿಲ್ಲ ಅಂತ ಮಂಗಳವಾರ ಹೇಳಿದ್ರಿ," ಎಂದರು ಜಲಜಾ ಮೆತ್ತಗೆ.

"ಅಯ್ಯೋ ಮುರುಗಾ! ಆ ಹುಡುಗಿ ಇಕ್ರಾ ಬಂದು, ಆಂಟಿ ಇದನ್ನ ಮಾತ್ರ ತೆಗೀಬೇಡಿ ಅಂತ ಕೈ ಹಿಡ್ಕೊಂಡು ಹೇಳಿತ್ತು. ನಾನೂ ಹೂಂ ಅಂದಿದ್ದೆ. ಸೋಮವಾರ ತಂಗಿ ಮನೆಯೋರು ಹೇಳದೆ ಕೇಳದೆ ಬರ್ತೀವಿ ಅಂತ ಫೋನ್ ಮಾಡಿದ್ರು. ಈ ಕಡೆ ಪ್ಲಗ್ ಪಾಯಿಂಟ್ ಸುಟ್ಟೋಗಿದೆ. ಮಿಕ್ಸಿ ಹಾಕೋದೆಲ್ಲಿ? ಒಂದೇ ನಿಮಿಷ ಕಣಮ್ಮ. ತೆಗೆದೆ, ತಿರುಗಿಸಿದೆ, ವಾಪಸ್ ಹಾಕ್ದೆ. ಅಷ್ಟರಲ್ಲಿ ಏನು ಮುಳುಗೋಯ್ತು?"

"ಎಷ್ಟು ಗಂಟೆಗೆ?"

"ಹನ್ನೊಂದೂ ಮುಕ್ಕಾಲಿಗೆ ಅವರು ಬಂದ್ರು. ಅದಕ್ಕೆ ಸ್ವಲ್ಪ ಮುಂಚೆ."

ಜಲಜಾ ಕಿಟಕಿಯ ಮೂಲಕ ಹೊರಗೆ ನೋಡಿದರು. ಅಡುಗೆಮನೆಯಿಂದ ಹೊರಟ ಕಪ್ಪು ವೈರು ತಾರಸಿಯ ಕಂಬ ಹತ್ತಿ, ಊಟದ ಡಬ್ಬಿಯಷ್ಟಿದ್ದ ಒಂದು ಬಿಳಿ ಪೆಟ್ಟಿಗೆಯಲ್ಲಿ ಮುಗಿಯುತ್ತಿತ್ತು. ಅದರ ನೆತ್ತಿಯ ಹಸಿರು ದೀಪ ಮಿಣುಕುತ್ತಿತ್ತು.

ಅಂಥ ಪೆಟ್ಟಿಗೆಗಳು ಒಟ್ಟು ಏಳು. ಶಿವಾಜಿನಗರದಿಂದ ಇಂದಿರಾನಗರದವರೆಗೆ ಒಬ್ಬೊಬ್ಬರ ತಾರಸಿಯ ಮೇಲೆ ಒಂದೊಂದು. ಟವರ್ ಬೇಡ, ಕೇಬಲ್ ಬೇಡ, ಯಾವ ಕಂಪನಿಯೂ ಬೇಡ. ಒಂದು ಪೆಟ್ಟಿಗೆ ಹೇಳಿದ್ದನ್ನು ಪಕ್ಕದ್ದು ಕೇಳಿಸಿಕೊಂಡು ಅದರಾಚೆಯದಕ್ಕೆ ದಾಟಿಸುತ್ತದೆ. ಹೀಗೆ ಕೈಯಿಂದ ಕೈಗೆ ದಾಟುತ್ತಾ ಮಾತೂ ಮುಖವೂ ಆಗಿಂದಾಗಲೇ ಈ ತುದಿಯಿಂದ ಆ ತುದಿಗೆ ತಲುಪಬೇಕು. ಕಳೆದ ಮಳೆಗಾಲದಲ್ಲಿ ಮಹದೇವಪುರದ ಒಂದು ಬಡಾವಣೆಯಲ್ಲಿ ನೀರು ನಿಂತು, ಕರೆಂಟು ಹೋಗಿ, ಎರಡು ದಿನ ಯಾರ ಫೋನೂ ಮಾತಾಡಿರಲಿಲ್ಲ. ಬರುವ ಭಾನುವಾರ ಆ ಬಡಾವಣೆಯವರ ಮುಂದೆ ಕ್ಯಾಮೆರಾ, ಬ್ಯಾಟರಿ ಎರಡೂ ಒಳಗೇ ಇರುವ ತನ್ನ ಹೊಸ ಪೆಟ್ಟಿಗೆಯನ್ನು ಇಕ್ರಾ ತೋರಿಸಬೇಕಿತ್ತು. ಅವರು ಒಪ್ಪಿದರೆ ಮುಂದಿನ ಮಳೆಗೆ ಮೊದಲೇ ಅಲ್ಲಿನ ತಾರಸಿಗಳಲ್ಲೆಲ್ಲ ಹಸಿರು ದೀಪ.

"ಪುಣ್ಯ ಬರಲಿ ಗೋವಿಂದಮ್ಮ," ಎಂದರು ಜಲಜಾ, ಪ್ಲಗ್ಗನ್ನು ಮತ್ತೆ ಸಿಕ್ಕಿಸುತ್ತಾ. "ನಿಮ್ಮ ವಡೆಯಿಂದ ಒಬ್ಬರ ಸುಳ್ಳು ಸಿಕ್ಕಿಬೀಳುತ್ತೆ. ಇನ್ನೊಂದು ಉಪಕಾರ ಮಾಡ್ಬೇಕು. ಮಧ್ಯಾಹ್ನ ನಾನು ಫೋನ್ ಮಾಡಿದಾಗ ಇದನ್ನ ಇನ್ನೊಂದು ಸಲ ತೆಗೀಬೇಕು."

"ತೆಗೀಬೇಡಿ ಅಂತಾರೆ, ತೆಗೀರಿ ಅಂತಾರೆ," ಎಂದು ಗೋವಿಂದಮ್ಮ ಗೊಣಗಿದರು. ಆದರೆ ಮುಖ ಅರಳಿತ್ತು.

ಮೆಟ್ಟಿಲಿಳಿಯುವಾಗ ಯಜ್ಞನಾರಾಯಣ ಕೇಳಿದರು: "ಯಾರ ಸುಳ್ಳು? ಇಕ್ರಾ ಜೊತೆ ಕೆಲಸ ಮಾಡೋ ಬೃಂದಾದಾ?"

"ನಿನ್ನೆವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ."

ಜಲಜಾಗೆ ಅರವತ್ತಮೂರು. ಟಿನ್ ಫ್ಯಾಕ್ಟರಿಯಾಚೆಯ ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಪರೀಕ್ಷೆಯ ಮೇಜಿನ ಮುಂದೆ ಕೂತು, ದಿನಕ್ಕೆ ನೂರಾರು ಫೋನುಗಳನ್ನು ಕಿವಿಗಿಟ್ಟು, ಯಾವುದು ಗೊರಗುಟ್ಟುತ್ತದೆ, ಯಾವುದು ಉಗ್ಗುತ್ತದೆ ಎಂದು ಹೇಳುತ್ತಿದ್ದವರು. ಯಜ್ಞನಾರಾಯಣ ವಿಮೆ ಕಚೇರಿಯಲ್ಲಿದ್ದವರು. ಸುಟ್ಟ ಗೋದಾಮು, ಮುಳುಗಿದ ಲಾರಿ ಎಂದು ಬರುತ್ತಿದ್ದ ಅರ್ಜಿಗಳ ನಿಜಸುಳ್ಳು ನೋಡುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಇಬ್ಬರಿಗೂ ಬೆಳಗಿನ ನಡಿಗೆ ಬೇಜಾರಾಗಿ, ಕಳೆದುಹೋದದ್ದನ್ನು ಹುಡುಕಿಕೊಡುವ ಈ ಕೆಲಸಕ್ಕೆ ಇಳಿದಿದ್ದರು.

"ನೀವು ಮೆಟ್ರೋ ಹತ್ತಿ ಇಂದಿರಾನಗರಕ್ಕೆ ಹೋಗಿ," ಎಂದರು ಜಲಜಾ. "ಆ ತಂಡದ ಹುಡುಗ ಜಯಂತ್ ಮನೆ ತಾರಸಿಗೆ. ಅವರಮ್ಮನಿಗೆ ನಾನು ಹೇಳಿದ್ದೀನಿ. ಅಲ್ಲಿರೋ ಪೆಟ್ಟಿಗೆಗೆ ಫೋನ್ ಜೋಡಿಸಿ, ಮುಖ ಕಾಣೋ ಹಾಗೆ ಕೂತ್ಕೊಂಡು ಏನಾದ್ರೂ ಮಾತಾಡ್ತಾ ಇರಿ."

"ಏನು ಮಾತಾಡ್ಲಿ?"

"ನಲವತ್ತು ವರ್ಷದಲ್ಲಿ ಆ ಪ್ರಶ್ನೆ ನೀವು ಕೇಳಿದ್ದು ಇದೇ ಮೊದಲು."

ಯಜ್ಞನಾರಾಯಣ ನಕ್ಕು, ದಾರಿಯಲ್ಲಿ ಬೇಕರಿ ಸಿಕ್ಕರೆ ಖಾರಾ ಬನ್ ತಗೋಬಹುದೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟರು.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆಟೋ ನಿಂತಾಗ ಹನ್ನೆರಡೂವರೆ. ಕೈಗಾಡಿಯವನೊಬ್ಬ ಸೀತಾಫಲ ಕೂಗುತ್ತಿದ್ದ. ಜಿಯಾವುಲ್ಲಾ ಅವರ ಅಂಗಡಿಯ ಮುಂದೆ ಹಳೆ ರೇಡಿಯೋ, ಸ್ಪೀಕರು, ಬಿಚ್ಚಿಟ್ಟ ಟೀವಿಗಳು ಎಂದಿನಂತೆ ಫುಟ್‌ಪಾತಿನವರೆಗೂ ಹರಡಿಕೊಂಡಿದ್ದವು. ಒಂದೇ ಒಂದು ಜಾಗ ಖಾಲಿ. ಮೆಟ್ಟಿಲ ಪಕ್ಕದ ರಿಪೇರಿ ಮೇಜು. ಅದರ ಸ್ಟೂಲಿನ ಮೇಲೆ ಯಾರೋ ಒಗೆದ ಏಪ್ರನ್ ಮಡಚಿಟ್ಟಿದ್ದರು.

ಅದು ಶಾಹಬಾಜ್‌ನ ಮೇಜು. ಇಪ್ಪತ್ತೆರಡು ವರ್ಷದಿಂದ ಅವನದೇ.

ಮೇಲಿನ ಕೋಣೆಗೆ ಹೋಗುವ ಮೆಟ್ಟಿಲು ಆ ಮೇಜನ್ನು ಒರಸಿಕೊಂಡೇ ಹೋಗುತ್ತದೆ. ಸೋಮವಾರ ಹನ್ನೊಂದೂವರೆಗೆ ಪೆಟ್ಟಿಗೆ ಮೇಲಿತ್ತು, ಜಿಯಾವುಲ್ಲಾ ಕಣ್ಣಾರೆ ಕಂಡಿದ್ದರು. ಹನ್ನೆರಡಕ್ಕೆ ಇರಲಿಲ್ಲ. 'ಹೊರಗಿನೋರು ಯಾರೂ ಮೇಲೆ ಹೋಗಿಲ್ಲ ಮೇಡಂ' ಎಂದು ಶಾಹಬಾಜ್ ಮಂಗಳವಾರ ಜಲಜಾಗೆ ಫೋನಿನಲ್ಲಿ ಹೇಳಿದ್ದ. ಹಾಗಾದರೆ ಉಳಿದವನು ಅವನೊಬ್ಬನೇ ಎಂದು ಬೀದಿಯೆಲ್ಲ ಲೆಕ್ಕ ಹಾಕಿತು. ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಮಂಗಳವಾರದಿಂದ ಅವನು ಕೆಲಸಕ್ಕೆ ಬರಲಿಲ್ಲ.

"ದಿನಾ ಬೆಳಿಗ್ಗೆ ಫೋನ್ ಮಾಡ್ತೀನಿ ಮೇಡಂ," ಎಂದರು ಜಿಯಾವುಲ್ಲಾ, ಕನ್ನಡಕ ಒರೆಸುತ್ತಾ. ದಪ್ಪ ಮೈ, ಬಿಳಿ ಗಡ್ಡ, ಬೇಗ ನೀರಾಡುವ ಕಣ್ಣು. "ಇವತ್ತೂ ಮಾಡ್ದೆ. ನೋಡಪ್ಪಾ, ಮೇಡಂ ಬರ್ತಾರೆ, ಸಾರು ಇಂದಿರಾನಗರದಲ್ಲಿ ಜಯಂತ್ ತಾರಸೀಲಿ ಕೂತು ಟೆಸ್ಟ್ ಮಾಡ್ತಾರೆ, ಎಲ್ಲಾ ಸಾಫ್ ಆಗುತ್ತೆ, ನೀನು ಬಾ ಅಂದೆ. ಸುಮ್ನೆ ಕೇಳಿಸ್ಕೊಂಡ. ಫೋನ್ ಇಟ್ಬಿಟ್ಟ."

"ಇವತ್ತು ಸಂಜೆಯೊಳಗೆ ಅವನೇ ಬರ್ತಾನೆ," ಎಂದರು ಜಲಜಾ. ಹೇಳುವಾಗ ಅವರಿಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

ಜಿಯಾವುಲ್ಲಾ ಅವರನ್ನು ಮೇಲಕ್ಕೆ ಕರೆದುಕೊಂಡು ಹೋದರು. ಮೇಲಿನ ಕೋಣೆಯಲ್ಲಿ ಇಕ್ರಾ ಮೇಜಿನ ಮುಂದೆ ಕೂತಿದ್ದಳು. ಜಿಯಾವುಲ್ಲಾರ ಒಬ್ಬಳೇ ಮಗಳು, ಇಪ್ಪತ್ತಾರು ವರ್ಷದವಳು. ತಲೆಗೆ ನೇರಳೆ ದುಪಟ್ಟಾ, ಕಿವಿಯ ಮೇಲೆ ಸಿಕ್ಕಿಸಿದ ಸ್ಕ್ರೂಡ್ರೈವರು. ಜಯಂತ್ ಆಗಲೇ ಬಂದು ಕಿಟಕಿಯ ಹತ್ತಿರ ನಿಂತಿದ್ದ. ಎತ್ತರದ ಹುಡುಗ, ಮಾತು ಜೋರು, ನಗು ಇನ್ನೂ ಜೋರು. ಇಕ್ರಾಳ ತಂಡದಲ್ಲಿ ಚಿತ್ರದ ಭಾಗ ಅವನದು. ಧ್ವನಿಯ ಭಾಗ ಬೃಂದಾಳದು. ಅವಳು ಇಂದಿರಾನಗರದ ತನ್ನ ಮನೆಯ ತಾರಸಿಯಿಂದಲೇ ಪರದೆಯಲ್ಲಿ ಕಾಣುತ್ತಿದ್ದಳು.

ಪರದೆಯ ಇನ್ನೊಂದು ಚೌಕದಲ್ಲಿ ಯಜ್ಞನಾರಾಯಣರ ಮುಖ ತುಂಬಿಕೊಂಡಿತ್ತು. ಹಿಂದೆ ಕಪ್ಪು ನೀರಿನ ಟ್ಯಾಂಕು, ನೀಲಿ ಆಕಾಶ.

"ಏನ್ ಆಂಟಿ, ಇವತ್ತು ನನ್ನ ವಿಚಾರಣೇನಾ?" ಎಂದ ಜಯಂತ್ ನಗುತ್ತಾ. "ವಕೀಲರನ್ನ ಕರ್ಕೊಂಡು ಬರ್ಲಾ?"

"ಬೇಡಪ್ಪ. ನೀನು ಸಾಕು," ಎಂದರು ಜಲಜಾ, ಕುರ್ಚಿ ಎಳೆದುಕೊಂಡು. "ಇಕ್ರಾ, ಸೋಮವಾರದ ರೆಕಾರ್ಡಿಂಗ್ ಹಾಕಮ್ಮ. ಹನ್ನೊಂದೂ ನಲವತ್ತೊಂದರಿಂದ."

ಸೋಮವಾರ ಹನ್ನೊಂದರಿಂದ ಹನ್ನೆರಡರವರೆಗೆ ತಂಡದವರೆಲ್ಲ ಹಳೆಯ ಏಳು ಪೆಟ್ಟಿಗೆಗಳ ಮೇಲೆ ಪರೀಕ್ಷೆ ನಡೆಸುತ್ತಿದ್ದರು. ಬೃಂದಾ ತನ್ನ ತಾರಸಿಯಲ್ಲಿ, ಜಯಂತ್ ಅವಳ ಮನೆಯಿಂದ ನಾಲ್ಕು ಬೀದಿ ಆಚೆಯ ತನ್ನ ತಾರಸಿಯಲ್ಲಿ. ಕೆಳಗೆ ಅಂಗಡಿಯಲ್ಲಿ ಇಕ್ರಾ ಮತ್ತು ಅವಳ ಅಪ್ಪ. ಎಲ್ಲರೂ ಪರದೆಯಲ್ಲಿ ಎಲ್ಲರಿಗೂ ಕಾಣುತ್ತಿದ್ದರು; ಏರಿಯಲ್ ನೋಡಲೆಂದು ಯಾರಾದರೂ ಎದ್ದರೂ ಎರಡು ಮೂರು ನಿಮಿಷ, ಅಷ್ಟೇ. ಅದಕ್ಕೇ ಕಳ್ಳತನದ ಹೊತ್ತಿನಲ್ಲಿ ತಂಡದ ಯಾರನ್ನೂ ಅನುಮಾನಿಸುವಂತಿರಲಿಲ್ಲ. ಇಂದಿರಾನಗರದಲ್ಲಿ ಮುಖ ತೋರಿಸುತ್ತಾ ಶಿವಾಜಿನಗರದಲ್ಲಿ ಕೈ ಹಾಕುವುದು ಹೇಗೆ?

ರೆಕಾರ್ಡಿಂಗ್ ಶುರುವಾಯಿತು. ಪರದೆಯ ಜಿಯಾವುಲ್ಲಾ ಒಬ್ಬೊಬ್ಬರನ್ನೇ ಕೂಗಿ ಕೇಳುತ್ತಿದ್ದರು. ಬೃಂದಾ ಏನೋ ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಇತ್ತು. ಒಂದು, ಎರಡು, ಮೂರು... ಒಂಬತ್ತು ಸೆಕೆಂಡು ಗೊಂಬೆಯಂತೆ ನಿಂತಳು. ಆಮೇಲೆ ಚಿತ್ರ ಚೂರುಚೂರಾಗಿ, ಮಾತು ತಡವರಿಸುತ್ತಾ, ಮತ್ತೆ ಬಂತು.

"ಇದೇ ನೋಡಿ," ಎಂದ ಜಯಂತ್. "ನಾನು ಮೊದಲೇ ಹೇಳಿದ್ನಲ್ಲ. ಇವಳದ್ದು ನಿಂತಿದೆ. ನಿಂತ ಚಿತ್ರ ಇಟ್ಟು ಎಲ್ಲಿಗೆ ಬೇಕಾದ್ರೂ ಹೋಗ್ಬರಬಹುದು."

"ಒಂಬತ್ತು ಸೆಕೆಂಡಲ್ಲಿ ಇಂದಿರಾನಗರದಿಂದ ಶಿವಾಜಿನಗರಕ್ಕಾ?" ಎಂದಳು ಬೃಂದಾ ಪರದೆಯಿಂದ. "ಮಗಾ, ನಾನು ಸಿಗ್ನಲ್ ದಾಟೋಕೇ ಒಂಬತ್ತು ನಿಮಿಷ ಬೇಕು."

"ಬೃಂದಾ ನಿಂತಿದ್ದು ಯಾಕೆ ಅಂತ ಇವತ್ತು ಬೆಳಿಗ್ಗೆ ಗೊತ್ತಾಯ್ತು," ಎಂದರು ಜಲಜಾ. "ಹಲಸೂರಿನ ಪೆಟ್ಟಿಗೆ ಸತ್ತಿತ್ತು. ಗೋವಿಂದಮ್ಮ ವಡೆಗೆ ರುಬ್ಬೋಕೆ ಪ್ಲಗ್ ತೆಗೆದಿದ್ರು. ಇಕ್ರಾ, ಆ ಪೆಟ್ಟಿಗೆ ಮತ್ತೆ ಎದ್ದ ಹೊತ್ತು ಬರೆದಿಟ್ಟಿರುತ್ತಲ್ಲ?"

ಇಕ್ರಾ ಬೆರಳಾಡಿಸಿ ನೋಡಿದಳು. "ಹನ್ನೊಂದೂ ನಲವತ್ಮೂರು, ಆಂಟಿ. ಹೌದು. ಎದ್ದು ಕೂತಿದೆ."

"ಹಾಗಾದ್ರೆ ಒಂಬತ್ತೇ ಸೆಕೆಂಡಿಗೆ ಬೃಂದಾ ವಾಪಸ್ ಬಂದಿದ್ದು ಹೇಗೆ?"

"ಅದು ನಮ್ಮ ಪೆಟ್ಟಿಗೆಗಳ ಗುಣ. ಒಂದು ಸತ್ರೆ ಉಳಿದವು ಬೇರೆ ದಾರಿ ಹುಡುಕ್ತವೆ. ಬೃಂದಾ ಮಾತು ಕಾಕ್ಸ್ ಟೌನ್ ಸುತ್ತಿ ಬಂದಿದೆ. ದಾರಿ ಉದ್ದ, ಅದಕ್ಕೇ ತಡವರಿಸಿದೆ."

"ಸರಿ. ಈಗ ಇನ್ನೊಂದು ಚೌಕ ನೋಡಿ."

ಎಲ್ಲರೂ ಬಾಗಿದರು. ಬೃಂದಾ ಬಾಯಿ ತೆರೆದು ನಿಂತಿದ್ದ ಆ ಒಂಬತ್ತು ಸೆಕೆಂಡೂ ಪಕ್ಕದ ಚೌಕದಲ್ಲಿ ಜಯಂತ್ ತಲೆಗೂದಲು ಸರಿಮಾಡಿಕೊಂಡ, ನಕ್ಕ, 'ಗುರು, ಬೃಂದಾ ಫೋಟೋ ಆಗೋದ್ಲು' ಎಂದ. ಒಂದಕ್ಷರ ತಡವರಿಸಲಿಲ್ಲ. ಒಂದು ಗೆರೆ ಮುರಿಯಲಿಲ್ಲ.

ಇಕ್ರಾ ಅದೇ ತುಣುಕನ್ನು ಇನ್ನೊಮ್ಮೆ ಹಾಕಿದಳು.

"ಪೆಟ್ಟಿಗೆಗಳು ಬೇರೆ ದಾರಿ ಹುಡುಕ್ತವೆ ಅಂತ ಇಕ್ರಾ ಹೇಳಿದ್ಲಲ್ಲ," ಎಂದ ಜಯಂತ್. ನಗು ಇನ್ನೂ ಇತ್ತು, ಜೋರು ಇರಲಿಲ್ಲ. "ನನ್ನದು ಮೊದಲಿಂದಲೂ ಕಾಕ್ಸ್ ಟೌನ್ ದಾರೀಲೇ ಇದ್ದಿರಬಹುದು. ಹಲಸೂರು ಸತ್ರೆ ನನಗೇನು?"

ಒಳ್ಳೆಯ ಉತ್ತರ. ಜಲಜಾಗೆ ಖುಷಿಯಾಯಿತು. ದಡ್ಡರ ಜೊತೆ ಜಗಳ ಆಡುವುದು ಅವರಿಗೆ ಯಾವತ್ತೂ ಇಷ್ಟವಿರಲಿಲ್ಲ.

"ರೀ," ಎಂದು ಪರದೆಯತ್ತ ಕೂಗಿದರು. "ಅಲ್ಲಿಂದ ಕಾಕ್ಸ್ ಟೌನ್ ಕಡೆ ಏನು ಕಾಣಿಸುತ್ತೆ?"

ಯಜ್ಞನಾರಾಯಣ ಎದ್ದು, ಕಣ್ಣಿಗೆ ಕೈ ಅಡ್ಡ ಹಿಡಿದು, ಹಡಗಿನ ಕಪ್ತಾನನಂತೆ ನೋಡಿದರು. "ಏನೂ ಕಾಣಲ್ಲ ಕಣೇ. ಏಳಂತಸ್ತಿನ ಹೊಸ ಅಪಾರ್ಟ್‌ಮೆಂಟ್ ಎದ್ದಿದೆ. ನಾಲ್ಕನೇ ಮಹಡೀಲಿ ಯಾರೋ ಹಪ್ಪಳ ಒಣಗಿಸಿದ್ದಾರೆ."

"ನಿನ್ನ ಪೆಟ್ಟಿಗೆಗೆ ಕಾಣೋದು ಬೃಂದಾ ಪೆಟ್ಟಿಗೆ ಒಂದೇ ಜಯಂತ್. ನಿನ್ನ ಮಾತು ಅವಳ ಮನೆ ದಾಟಿಯೇ ಹೊರಗೆ ಬರಬೇಕು. ಅವಳು ನಿಂತ್ರೆ ನೀನೂ ನಿಲ್ಲಬೇಕು. ನಿಲ್ತೀಯೋ ಇಲ್ವೋ ಈಗಲೇ ನೋಡೋಣ." ಜಲಜಾ ಫೋನ್ ಕಿವಿಗಿಟ್ಟರು. "ಗೋವಿಂದಮ್ಮ, ತೆಗೀರಿ."

ಯಜ್ಞನಾರಾಯಣ ಆಗ ತಾನೇ ಖಾರಾ ಬನ್ನನ್ನು ಬಾಯಿಗೆ ಒಯ್ದಿದ್ದರು. ಬನ್ನು ಬಾಯಿಗೆ ಎರಡು ಬೆರಳು ದೂರದಲ್ಲಿ ನಿಂತಿತು. ಪಕ್ಕದಲ್ಲಿ ಬೃಂದಾ ಕಣ್ಣು ಮುಚ್ಚಿ ನಿಂತಳು. ಎರಡೂ ಚೌಕಗಳು ಗೋಡೆಗೆ ಹಾಕಿದ ಪಟಗಳಂತೆ ತಣ್ಣಗಿದ್ದವು.

ಜಿಯಾವುಲ್ಲಾ ಬೆರಳು ಮಡಚಿ ಎಣಿಸಿದರು. ಹತ್ತನೆಯ ಬೆರಳಿಗೆ ಬೃಂದಾ ತಡವರಿಸುತ್ತಾ ಬಂದಳು. ಅವಳ ಬೆನ್ನಿಗೇ ಯಜ್ಞನಾರಾಯಣರು. ಬನ್ನು ಅರ್ಧವಾಗಿತ್ತು. ಪ್ಲಗ್ ವಾಪಸ್ ಹಾಕಿ ಎಂದು ಜಲಜಾ ಗೋವಿಂದಮ್ಮನಿಗೆ ಹೇಳಿ ಫೋನ್ ಇಟ್ಟರು.

ಯಾರೂ ಜಯಂತ್‌ನ ಕಡೆ ನೋಡಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತೆಂದು ಕಾಣುತ್ತದೆ. ಕಿಟಕಿಯ ಕಟ್ಟೆಯ ಮೇಲೆ ಕುಸಿದು ಕೂತ.

"ಎಲ್ಲಿದ್ದೆಯೋ?" ಎಂದಳು ಇಕ್ರಾ.

"ಇಲ್ಲೇ." ಅವನು ಕತ್ತೆತ್ತಿ ಮೇಲೆ ತೋರಿಸಿದ. "ನಿಮ್ಮ ತಾರಸಿಯಲ್ಲಿ. ಪಕ್ಕದ ಕಟ್ಟಡದಿಂದ ದಾಟಿ ಬಂದೆ. ಅಲ್ಲೂ ಕಪ್ಪು ಟ್ಯಾಂಕೇ, ಇಲ್ಲೂ ಕಪ್ಪು ಟ್ಯಾಂಕೇ. ಇಲ್ಲಿನ ಪೆಟ್ಟಿಗೆಗೇ ನೇರವಾಗಿ ಜೋಡಿಸಿದ್ದೆ. ಅದಕ್ಕೇ ಅಷ್ಟು ಚೆನ್ನಾಗಿ ಬಂತು."

"ಆಮೇಲೆ ಏರಿಯಲ್ ಸರಿಮಾಡ್ತೀನಿ ಅಂತ ಮೂರು ನಿಮಿಷ ಹೋದೆಯಲ್ಲ. ಆಗ ಈ ಕೋಣೆಗೆ ಇಳಿದೆ," ಎಂದರು ಜಲಜಾ.

"ಇಳಿದೆ. ಆದ್ರೆ ಕದಿಯೋಕಲ್ಲ ಆಂಟಿ! ಅಮ್ಮನಾಣೆ." ಅವನ ದನಿ ಒಡೆಯಿತು. "ದಾರಿ ಇಕ್ಕಟ್ಟಾದಾಗ ಮಾತು ಮೊದಲು ಹೋಗಲಿ, ಚಿತ್ರ ಕಾಯಲಿ ಅಂತ ಇಕ್ರಾ ಹೊಸ ಪೆಟ್ಟಿಗೆಯ ಪ್ರೋಗ್ರಾಂನಲ್ಲಿ ಬರೆದಿದ್ದಾಳೆ. ಆರು ತಿಂಗಳು ನಾನು ಆ ಚಿತ್ರಕ್ಕೆ ಒದ್ದಾಡಿದ್ದೀನಿ. ಭಾನುವಾರ ಅಷ್ಟು ಜನರ ಮುಂದೆ ನನ್ನ ಕೆಲಸ ಮಸುಕಾಗಿ, ಮುರಿದು ಮುರಿದು ಕಾಣುತ್ತೆ. ಒಂದೇ ಒಂದು ದಿನ ಚಿತ್ರ ಮೊದಲು ಹೋಗಲಿ ಅಂತ... ಒಂದೆರಡು ಸಾಲು ಬದಲಾಯಿಸಿ ಹೋಗೋಣ ಅಂತ ಬಂದೆ. ಅಷ್ಟೇ."

"ನೀರಲ್ಲಿ ನಿಂತಿರೋ ಹೆಂಗಸಿಗೆ ಡಾಕ್ಟರ್ ಮುಖ ಸ್ಪಷ್ಟ ಕಾಣಬೇಕಾ, ಅವರು ಹೇಳಿದ ಔಷಧದ ಹೆಸರು ಕೇಳಿಸಬೇಕಾ?" ಎಂದಳು ಇಕ್ರಾ. ಬೈಗುಳದಂತಿರಲಿಲ್ಲ, ದಣಿದ ದನಿಯಲ್ಲಿ ನೂರನೆಯ ಸಲ ಹೇಳಿದಂತಿತ್ತು.

"ಗೊತ್ತು ಕಣೇ. ನೀನು ಹೇಳಿದ್ದೇ ಸರಿ. ಅದಕ್ಕೇ ಇನ್ನೂ ಹೊಟ್ಟೆ ಉರಿದಿದ್ದು."

ಜಿಯಾವುಲ್ಲಾ ಅವನ ಹೆಗಲ ಮೇಲೆ ಕೈಯಿಟ್ಟರು. ಜಯಂತ್ ಆ ಕೈ ಹಿಡಿದುಕೊಂಡ.

ಜಲಜಾ ಮೂವತ್ತನಾಲ್ಕು ವರ್ಷ ದನಿಗಳನ್ನು ಕೇಳಿದವರು. ಈ ದನಿಯಲ್ಲಿ ನಾಚಿಕೆಯಿತ್ತು, ಕಳ್ಳತನವಿರಲಿಲ್ಲ. ಅವರಿಗೆ ಸ್ವಲ್ಪ ನಿರಾಸೆಯೂ ಆಯಿತು. ಇಷ್ಟು ಸೊಗಸಾಗಿ ಹಿಡಿದ ಆಸಾಮಿ ಕಳ್ಳನಲ್ಲ ಎಂದರೆ ಯಾರಿಗಾದರೂ ಬೇಜಾರಾಗುವುದೇ.

"ಪೆಟ್ಟಿಗೆ ನೋಡಿದೆಯಾ?"

"ಇಲ್ಲ. ನಾನು ಒಳಗೆ ಬಂದಾಗ ಆ ಕಪಾಟು ಖಾಲಿ. ಹನ್ನೊಂದೂ ನಲವತ್ತಾರು ಆಗಿರಬೇಕು. ಹೇಳಿದ್ರೆ ನಾನು ಇಲ್ಲಿದ್ದಿದ್ದು ಗೊತ್ತಾಗ್ತಿತ್ತು. ಸುಮ್ಮನಾಗಿಬಿಟ್ಟೆ. ಶಾಹಬಾಜ್ ಭಾಯ್ ಮೇಲೆ ಬರುತ್ತೆ ಅಂತ ಆಗ ಹೊಳೀಲಿಲ್ಲ ಆಂಟಿ. ಹೊಳೆದ ಮೇಲೆ ಧೈರ್ಯ ಬರಲಿಲ್ಲ."

"ಇವತ್ತೇ ಅವರ ಮನೆಗೆ ಹೋಗಿ ಈ ಮಾತು ಹೇಳು."

"ಹೋಗ್ತೀನಿ."

"ನಾನೂ ಬರ್ತೀನಿ," ಎಂದರು ಜಿಯಾವುಲ್ಲಾ. ಕಣ್ಣು ಒರೆಸಿಕೊಂಡು ಎದ್ದರು. "ಮೊದಲು ಎಲ್ಲರಿಗೂ ಚಾ. ಮೇಡಂ, ನಿಮಗೆ ಸಕ್ಕರೆ ಕಮ್ಮಿ." ಮೆಟ್ಟಿಲ ಮೇಲೆ ಅವರ ಭಾರವಾದ ಹೆಜ್ಜೆಗಳು ಕೆಳಗಿಳಿದವು.

ಜಲಜಾ ಲೆಕ್ಕ ಹಾಕಿದರು. ಹನ್ನೊಂದೂವರೆಗೆ ಇತ್ತು. ನಲವತ್ತಾರಕ್ಕೆ ಇಲ್ಲ. ಉಳಿದದ್ದು ಹದಿನಾರು ನಿಮಿಷ. ತಾರಸಿಯಲ್ಲಿ ಜಯಂತ್, ಕೆಳಗೆ ಮೆಟ್ಟಿಲ ಬುಡದಲ್ಲಿ ಶಾಹಬಾಜ್.

ಹೊರಗಿನವರು ಯಾರೂ ಹೋಗಿಲ್ಲ ಎಂದಿದ್ದ ಅವನು.

ಹೊರಗಿನವರು.

ಆ ಒಂದು ಪದವನ್ನು ಮೂರು ದಿನ ಕಿವಿಯಲ್ಲಿಟ್ಟುಕೊಂಡು ತಾನು ಕೇಳಿಸಿಕೊಂಡಿರಲಿಲ್ಲವಲ್ಲ ಎಂದು ಜಲಜಾಗೆ ತಮ್ಮ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿದ್ದ ಅಂಕಿ ಅವರ ಕಣ್ಣಿಗೆ ಬಿತ್ತು. ಜೀವಂತವಾಗಿರುವ ಪೆಟ್ಟಿಗೆಗಳು ಎಷ್ಟು ಎಂದು ಅದು ಹೇಳುತ್ತಿತ್ತು. ತಾವು ಬಂದಾಗ ಏಳು ಇತ್ತು.

ಈಗ ಎಂಟು.

"ಇಕ್ರಾ, ಇದೇನಮ್ಮ?"

ಇಕ್ರಾ ನೋಡಿದಳು. ಕಿವಿಯ ಮೇಲಿನ ಸ್ಕ್ರೂಡ್ರೈವರ್ ಜಾರಿ ನೆಲಕ್ಕೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಪರದೆಯಲ್ಲಿ ಹೊಸ ಚೌಕವೊಂದು ತೆರೆದುಕೊಂಡಿತು. ಎಂಥ ಸ್ಪಷ್ಟ ಚಿತ್ರ! ಜಯಂತ್ ತನ್ನ ಕಷ್ಟವನ್ನೆಲ್ಲ ಮರೆತು "ಓಹೋ!" ಎಂದುಬಿಟ್ಟ. ಚಿತ್ರದ ತುಂಬ ಒಂದು ಬೋಳುತಲೆಯ ಹಿಂಭಾಗ, ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ಆ ತಲೆ ಜಲಜಾಗೆ ನಲವತ್ತು ವರ್ಷದಿಂದ ಪರಿಚಯ. ಕೂದಲಿದ್ದ ಕಾಲದಿಂದಲೂ.

ಕಳುವಾದ ಪೆಟ್ಟಿಗೆಯನ್ನು ಹಿಡಿದುಕೊಂಡು ಯಾರೋ ತಮ್ಮ ಗಂಡನ ಬೆನ್ನ ಹಿಂದೆ ನಿಂತಿದ್ದಾರೆ.

"ರೀ! ಹಿಂದೆ ನೋಡ್ರೀ!"

ಯಜ್ಞನಾರಾಯಣ ನಿಧಾನವಾಗಿ ತಿರುಗಿದರು. ಮೀಸೆಯಲ್ಲಿ ಬನ್ನಿನ ಚೂರು. ಮುಖ ಒಮ್ಮೆಲೇ ಅರಳಿತು.

"ಅರೇ ಶಾಹಬಾಜ್! ಬಾರಪ್ಪ, ಬಾ. ಒಂದು ಬನ್ ಮಿಕ್ಕಿದೆ ನೋಡು."

ಪೆಟ್ಟಿಗೆ ಅಲುಗಿತು. ಆಕಾಶ, ಟ್ಯಾಂಕು, ಒಂದು ತೋಳು ಹಾದುಹೋದವು. ಆಮೇಲೆ ಶಾಹಬಾಜ್‌ನ ಮುಖ ಕಂಡಿತು. ಮೂರು ದಿನದ ಗಡ್ಡ, ಕೆಂಪಗಿನ ಕಣ್ಣು.

"ಮೇಡಂ, ನನ್ನ ಮಾತು ಬರ್ತಿದೆಯಾ?"

"ಗಂಟೆ ಹೊಡೆದ ಹಾಗೆ ಬರ್ತಿದೆ," ಎಂದರು ಜಲಜಾ.

"ಇದನ್ನ ನಾನು ಕದ್ದಿಲ್ಲ. ಬಚ್ಚಿಡು ಅಂತ ನನ್ನ ಕೈಗೆ ಕೊಟ್ರು, ಬಚ್ಚಿಟ್ಟೆ. ಇನ್ನು ಆಗಲ್ಲ ಮೇಡಂ. ಮಾಲೀಕರು ದಿನಾ ಬೆಳಿಗ್ಗೆ ಫೋನ್ ಮಾಡಿ ಅಳ್ತಾರೆ. ಅದಕ್ಕೇ ಸಾರ್ ಕೈಗೆ ಕೊಟ್ಟು ಹೋಗೋಣ ಅಂತ ಬಂದೆ."

"ಕೊಟ್ಟಿದ್ದು ಯಾರು?"

ಶಾಹಬಾಜ್ ತಲೆ ತಗ್ಗಿಸಿದ. "ಹೆಸರು ಹೇಳಲ್ಲ. ಮಾತು ಕೊಟ್ಟಿದ್ದೀನಿ. ಆದ್ರೆ ಈಗ ನಿಮ್ಮ ಜೊತೆ ಅದೇ ಕೋಣೆಯಲ್ಲಿ ಇದ್ದಾರೆ."

ಜಲಜಾ ತಿರುಗಿದರು.

ಜಯಂತ್ ಕಿಟಕಿಯ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿದ್ದ. ಇಕ್ರಾ ಕುರ್ಚಿಯಲ್ಲಿರಲಿಲ್ಲ. ಮೆಟ್ಟಿಲ ಬಾಗಿಲ ಹತ್ತಿರ ಹೋಗಿ ಸದ್ದಾಗದಂತೆ ಚಿಲಕ ಹಾಕುತ್ತಿದ್ದಳು.

"ಕೆಳಗೆ ಹೋದ ನಮ್ಮ ಅಬ್ಬಾ ಚಾ ತರೋಕೆ ಎರಡು ನಿಮಿಷ ಬೇಕು," ಎಂದಳು. ದನಿ ನಡುಗುತ್ತಿರಲಿಲ್ಲ. "ನಾನೇ ತೆಗೆದಿದ್ದು ಆಂಟಿ. ಏರಿಯಲ್ ನೋಡ್ಬರ್ತೀನಿ ಅಂತ ಮೇಲೆ ಬಂದೆ, ಇಳಿಯುವಾಗ ಶಾಹಬಾಜ್ ಚಾಚಾ ಚೀಲಕ್ಕೆ ಹಾಕ್ದೆ."

"ನಿನ್ನ ಪೆಟ್ಟಿಗೇನ ನೀನೇ ಕದ್ದೆಯಾ?" ಎಂದ ಜಯಂತ್.

"ಬೇರೆ ದಾರಿ ಇರಲಿಲ್ಲ. ಸೋಮವಾರ ಹನ್ನೆರಡಕ್ಕೆ ಅಬ್ಬಾ ಅದನ್ನ ಒಬ್ಬರ ಕೈಗೆ ಕೊಟ್ಬಿಡ್ತಾ ಇದ್ರು. ನನಗೆ ಹೇಳದೆ. ಭಾನುವಾರದ ಮಾತನ್ನೂ ಮರೆತು. ಹಿಂದಿನ ದಿನ ಫೋನಲ್ಲಿ ಮಾತಾಡೋದು ನನ್ನ ಕಿವಿಗೆ ಬಿತ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಅಬ್ಬಾನ ನಾನು ಕೇಳೋದು ಹೇಗೆ ಆಂಟಿ?"

ಜಲಜಾಗೆ ಬೀದಿಯಂಚಿನ ಆ ಅಂಗಡಿ, ಬೇಗ ನೀರಾಡುವ ಆ ಕಣ್ಣುಗಳು, ಮಂಗಳವಾರ ಬೆಳಿಗ್ಗೆ ತಮ್ಮ ಮನೆಯ ಬಾಗಿಲಿಗೇ ಬಂದು 'ಹೇಗಾದರೂ ಹುಡುಕಿಕೊಡಿ' ಎಂದು ಕೈಮುಗಿದ ಆ ಕೈಗಳು ಒಟ್ಟಿಗೆ ನೆನಪಾದವು. ಆ ಮನುಷ್ಯ ಅತ್ತದ್ದು ಮಗಳ ಪೆಟ್ಟಿಗೆಗಾ, ಕೊಟ್ಟ ಮಾತಿಗಾ?

"ಯಾರಿಗೆ ಕೊಡ್ತಿದ್ರು?"

"ಹೆಸರು ಗೊತ್ತಿಲ್ಲ. ದೊಡ್ಡನೆಕ್ಕುಂದಿಯವರು ಅಂತ ಮಾತ್ರ..."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮೊದಲು ಭಾರವಾದ ಹೆಜ್ಜೆ. ಅದರ ಹಿಂದೆ ಇನ್ನೊಂದು, ಹಗುರಾದದ್ದು, ಅವಸರವಿಲ್ಲದ್ದು.

ಬಾಗಿಲು ಅಲುಗಿತು.

"ಇಕ್ರಾ, ದರ್ವಾಜಾ ಕಾಯ್ಕು ಬಂದ್ ಕರೀ ಬೇಟಾ? ಬಾಗಿಲು ಯಾಕೆ ಹಾಕಿದ್ದೀಯ?" ಎಂದರು ಹೊರಗಿನಿಂದ ಜಿಯಾವುಲ್ಲಾ. ಲೋಟಗಳು ಕಿಣಿಕಿಣಿ ಎಂದವು. "ಮೇಡಂ, ಚಾ ತಂದಿದ್ದೀನಿ. ಒಂದು ಲೋಟ ಜಾಸ್ತೀನೇ ತಂದೆ. ದೊಡ್ಡನೆಕ್ಕುಂದಿಯಿಂದ ಒಬ್ಬರು ಬಂದಿದ್ದಾರೆ. ನಿಮ್ಮನ್ನೇ ನೋಡಬೇಕಂತೆ."